ಗಣಕಯಂತ್ರದ ಧ್ವನಿಯನ್ನು ಪ್ರತಿಮಾಡುವಲ್ಲಿ ಜೋಡಣೆಯ ತಂತಿಯ ವಿಚಾರ

೧. ವಿಷಯಪ್ರವೇಶ

ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ಸ್ಥಾನವೆಂತಹುದೆಂಬುದನ್ನು ವಿದ್ವಾಂಸರಿಗೆ ವಿವರಿಸಬೇಕಾದುದಿಲ್ಲ. ಓಲೆಯ ಪ್ರತಿಯಲ್ಲಿ ಅವನು ಬಿಟ್ಟ ಅಕ್ಷರವು ಆ ಪ್ರತಿಯಿಂದ ಹುಟ್ಟಿದ ಪ್ರತಿಗಳೆಲ್ಲದರಲ್ಲಿಯೂ ಲುಪ್ತವಾಗಿಯೇ ಉಳಿಯುವುದು. ಅವನು ತಪ್ಪಾಗಿ ಬರೆದುದು ಪಾಠಾಂತರವೆಂಬ ಗೌರವವನ್ನು ಪಡೆದು ಸಂಪಾದಕನನ್ನು ಕಾಡುವುದು. ಈಚಿನ ದಿನಗಳಲ್ಲಿ ಸಾಹಿತ್ಯದ ಅಧ್ಯಯನಕ್ಕೆ ಆಧಾರವಾಗುತ್ತಿರುವ ಧ್ವನಿಮುದ್ರಿಕೆಗಳ ವಿಷಯದಲ್ಲಿ ಆ ಲಿಪಿಕಾರನ ಕೆಲಸವನ್ನು ಮಾಡತಕ್ಕದ್ದು ಮೊಳದುದ್ದದ ಒಂದು ತಂತಿ ಮತ್ತು ಅದರ ತುದಿಯಲ್ಲಿರುವ ಅಡಾಪ್ಟರ್. ಅದನ್ನು ಆರಿಸುವಲ್ಲಿ ಎಚ್ಚರ ತಪ್ಪಿದರೆ ಆಗುವ ಹಾನಿಯು ಲಿಪಿಕಾರನ ಪ್ರಮಾದಕ್ಕಿಂತ ಕಡಮೆಯದಲ್ಲ. ಒಂದು ವಿಷಯದಲ್ಲಿ ಹೆಚ್ಚಿನದೇ ಸರಿ. ಬಿಟ್ಟುಹೋದ ಅಕ್ಷರವನ್ನು ಛಂದಸ್ಸಿನಿಂದಲೂ ಪ್ರಾಸದಿಂದಲೂ ಊಹಿಸಬಹುದು. ಮುದ್ರಿಸುವಾಗ ಕಳೆದುಹೋದ ಕಂಠಧ್ವನಿಯನ್ನು ಊಹಿಸಲು ಯಾವ ಛಂದಸ್ಸಿನ ಸಹಾಯವೂ ಇಲ್ಲ.

ಕನ್ನಡದಲ್ಲಿ ಈ ವಿಚಾರಕ್ಕೆ ವಿಶೇಷವಾದ ಪ್ರಸಕ್ತಿಯುಂಟು. ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿ, ಲಕ್ಷ್ಮೀಶನ ಜೈಮಿನಿ ಭಾರತ ಮೊದಲಾದ ಕಾವ್ಯಗಳು ಗಮಕಿಗಳ ಕಂಠದ ಮೂಲಕ ಜನರಿಗೆ ಮುಟ್ಟಿದುವೆಂಬುದು ಪ್ರಸಿದ್ಧವಾದ ಸಂಗತಿ. ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ಈ ಕಲೆಯ ಆದರವು ಇಂದಿಗೂ ಉಳಿದಿರುವುದು. ರಾಜಾಜಿನಗರದಲ್ಲಿ ಕುಮಾರವ್ಯಾಸನ ಹೆಸರಿನ ಮಂಟಪವೇ ಇರುವುದು. ಕೆಂಗೇರಿಯ ಬಳಿಯ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ವಿಭಾಗವಿದ್ದು, ಅದರ ವಿದ್ಯಾರ್ಥಿಗಳೂ ಅಧ್ಯಾಪಕರೂ ವಿಜಯನಗರ, ಬಸವೇಶ್ವರನಗರ ಮೊದಲಾದ ಕಡೆಗಳಲ್ಲಿ ವಾಸಿಸುತ್ತಿರುವರು. ಹಿಂದಿನ ಗಮಕಿಗಳ ವಾಚನವು ಇಂಥವರಿಗೆ ದೊರೆಯುವುದು ಹೆಚ್ಚಾಗಿ ಗಣಕಯಂತ್ರದಲ್ಲಿಯೇ. ೨೦೨೨ ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು ಆ ವರ್ಷವೇ ದಿವಂಗತರಾದ ಮತ್ತೂರಿನ ಎಚ್. ಆರ್. ಕೇಶವಮೂರ್ತಿಗಳಂಥವರ ವಾಚನವನ್ನು ಇನ್ನು ಕೇಳಬೇಕಾದರೆ ಧ್ವನಿಮುದ್ರಿಕೆಯ ಹೊರತು ಬೇರೆ ಮಾರ್ಗವಿಲ್ಲ. ಭಾಷಾವಿಜ್ಞಾನಿಗಳ ಸ್ಥಿತಿಯೂ ಹೀಗೆಯೇ. ಜಾರ್ಜ್ ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ಅಂಗವಾಗಿ ೧೯೧೩ ರಿಂದ ೧೯೨೯ ರ ವರೆಗೆ ಸಿದ್ಧವಾದ ಗ್ರಾಮಫೋನ್ ತಟ್ಟೆಗಳನ್ನು ಇಂದು ಷಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಗ್ರಂಥಭಂಡಾರದ ಮೂಲಕ ಮನೆಯಲ್ಲಿ ಕುಳಿತೇ ಕೇಳಬಹುದಾಗಿದೆ.

ಹೀಗಿರಲು, ಗಣಕದಲ್ಲಿ ನುಡಿಯುತ್ತಿರುವ ಧ್ವನಿಯನ್ನು ಇನ್ನೊಂದು ಯಂತ್ರದಲ್ಲಿ ಮುದ್ರಿಸಿಕೊಳ್ಳಬೇಕಾದ ಪ್ರಸಂಗವು ಅಧ್ಯಾಪಕರಿಗೆ ಆಗಾಗ ಒದಗುವುದು. ಆಗ ಅವರು ಅಂಗಡಿಗೆ ಹೋಗಿ, ಎರಡು ಯಂತ್ರಗಳ ರಂಧ್ರಗಳಲ್ಲಿ ಹಿಡಿಸತಕ್ಕ ತಂತಿಯೊಂದನ್ನು ಕೊಂಡು ತರುವರು. ಪಿನ್ನು ರಂಧ್ರದಲ್ಲಿ ಸರಿಯಾಗಿ ಕುಳಿತುಕೊಳ್ಳುವುದು. ಆದರೂ ಮುದ್ರಣವು ಕೆಡುವುದು. ಪಿನ್ನು ಸೇರಿತೆಂಬುದು ಜೋಡಣೆಯು ಸರಿಯೆಂಬುದಕ್ಕೆ ಪ್ರಮಾಣವಲ್ಲ. ಈ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಡುವುದೇ ಇಲ್ಲಿಯ ಉದ್ದೇಶ.

ವಾಕ್ಯಾರ್ಥದ ಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳನ್ನು ತಾರ್ಕಿಕರು ಹೇಳುವರು. ‘ಬೆಂಕಿಯಿಂದ ನೆನೆಸು’ ಎಂಬಲ್ಲಿ ಪದಗಳು ವ್ಯಾಕರಣದಂತೆ ಸೇರಿದ್ದರೂ ಯೋಗ್ಯತೆಯಿಲ್ಲದುದರಿಂದ ಅರ್ಥವು ಹುಟ್ಟುವುದಿಲ್ಲ. ತಂತಿಯ ಜೋಡಣೆಯೂ ಇದರಂತೆಯೇ ಎಂದು ತಿಳಿಯಬಹುದು. ಕೊಡತಕ್ಕ ಯಂತ್ರವೂ ಕೊಳ್ಳತಕ್ಕ ಯಂತ್ರವೂ ಪರಸ್ಪರ ಅಪೇಕ್ಷೆಯುಳ್ಳವಾಗಿರಬೇಕು. ಒಂದರ ಧ್ವನಿಯು ಇನ್ನೊಂದಕ್ಕೆ ಯೋಗ್ಯವಾಗಿರಬೇಕು. ಅವುಗಳ ನಡುವಣ ದೂರವು ಮಿತಿಯಲ್ಲಿರಬೇಕು.

೨. ತಂತಿಯು ಬೇಡವಾದ ಸಂದರ್ಭಗಳು

ಮೂಲಪ್ರತಿಯೇ ಕೈಗೆ ಸಿಕ್ಕುವಾಗ ಅದರ ಪ್ರತಿಯ ಪ್ರತಿಯನ್ನು ಯಾರೂ ಆಶ್ರಯಿಸುವುದಿಲ್ಲ. ಧ್ವನಿಯು ಗಣಕದಲ್ಲಿ ಕಡತದ ರೂಪದಲ್ಲಿದ್ದರೆ ಆ ಕಡತವನ್ನೇ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳತಕ್ಕದ್ದು. ಹೀಗೆ ಮಾಡಿದ ನಕಲಿಗೂ ಮೂಲಕ್ಕೂ ಸಂಖ್ಯೆಯೊಂದರ ಭೇದವೂ ಇರುವುದಿಲ್ಲ. ಅದನ್ನು ಬಿಟ್ಟು ನುಡಿಸಿ, ತಂತಿಯ ಮೂಲಕ ಸಾಗಿಸಿ, ಮತ್ತೆ ಮುದ್ರಿಸುವುದೆಂದರೆ ಸಂಖ್ಯೆಗಳನ್ನು ವಿದ್ಯುತ್ತಿನ ಅಲೆಗಳನ್ನಾಗಿಯೂ ಅಲೆಗಳನ್ನು ಪುನಃ ಸಂಖ್ಯೆಗಳನ್ನಾಗಿಯೂ ಬದಲಾಯಿಸುವುದು. ಇದು ಎರಡು ಬಾರಿ ಕೈಬರಹದ ಪ್ರತಿಯನ್ನು ತೆಗೆದುದಕ್ಕೆ ಸಮಾನ.

ಕಡತವು ದೊರೆಯದೆ, ನುಡಿಯುವುದು ಮಾತ್ರ ಸಾಧ್ಯವಾಗಿರುವಾಗಲೂ ಅದೇ ಗಣಕದೊಳಗೇ ಮುದ್ರಿಸಿಕೊಳ್ಳಲು ಉಪಾಯವಿದೆ. ವಿಂಡೋಸ್ ಗಣಕಗಳಲ್ಲಿ ಬೆಲೆಯಿಲ್ಲದೆ ದೊರೆಯುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ವಾಸಾಪಿ ಎಂಬ ಪದ್ಧತಿಯನ್ನೂ, ಅದರಲ್ಲಿ ‘ಲೂಪ್‌ಬ್ಯಾಕ್’ ಎಂದು ಹೆಸರಿಸಿದ ಆಕರವನ್ನೂ ಆರಿಸಿದರೆ, ಗಣಕವು ನುಡಿಯುವುದನ್ನೇ ಅದು ಬರೆದುಕೊಳ್ಳುವುದು. ಆಪಲ್ ಗಣಕಗಳಲ್ಲಿ ಬ್ಲ್ಯಾಕ್‌ಹೋಲ್ ಮೊದಲಾದ ಕಾಲ್ಪನಿಕ ಧ್ವನಿಸಾಧನಗಳಿಂದ ಇದೇ ಕೆಲಸವನ್ನು ಸಾಧಿಸಬಹುದು. ಇಲ್ಲಿ ಪಿನ್ನೂ ಇಲ್ಲ, ತಂತಿಯೂ ಇಲ್ಲ, ಆದುದರಿಂದ ಅವುಗಳ ದೋಷವೂ ಇಲ್ಲ.

ಹಾಗಾದರೆ ತಂತಿಯು ಬೇಕಾಗುವುದು ಯಾವಾಗ? ಕಾಲೇಜಿನ ಗಣಕದಲ್ಲಿ ಹೊಸ ತಂತ್ರಾಂಶವನ್ನು ಹಾಕಲು ಅನುಮತಿಯಿಲ್ಲದಿರುವಾಗ. ಹಳೆಯ ಗಣಕದಲ್ಲಿ ಮಾತ್ರ ತೆರೆಯುವ ಕಡತವನ್ನು ಬೇರೆ ಯಂತ್ರಕ್ಕೆ ಇಳಿಸಬೇಕಾದಾಗ. ಸಭೆಯ ಮಿಕ್ಸರ್ ಯಂತ್ರದ ಮೂಲಕ ಗಮಕದ ಮುದ್ರಿಕೆಯನ್ನೂ ಅದರ ಮೇಲೆ ನಡೆಯುವ ವ್ಯಾಖ್ಯಾನವನ್ನೂ ಒಟ್ಟಿಗೆ ಮುದ್ರಿಸಬೇಕಾದಾಗ. ಇಂಥ ಸಂದರ್ಭಗಳಿಗೆ ಮುಂದಿನ ವಿಚಾರವು ಅನ್ವಯಿಸುವುದು.

೩. ಕೊಡುವ ರಂಧ್ರ, ಕೊಳ್ಳುವ ರಂಧ್ರ

ಮೊದಲು ವಿಚಾರಿಸತಕ್ಕದ್ದು ದಿಕ್ಕು. ಮೇಜಿನ ಮೇಲಿಡುವ ಗಣಕಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಮೂರು ಬಣ್ಣದ ರಂಧ್ರಗಳಿರುವುವು. ಹಸುರು ಬಣ್ಣದ್ದು ಧ್ವನಿಯನ್ನು ಹೊರಗೆ ಕೊಡತಕ್ಕದ್ದು. ನೀಲಿಯದು ಇತರ ಯಂತ್ರಗಳಿಂದ ಧ್ವನಿಯನ್ನು ಕೊಳ್ಳತಕ್ಕ ‘ಲೈನ್-ಇನ್’. ಗುಲಾಬಿಯದು ಮೈಕಿಗೆ ಮೀಸಲು. ಮೂರೂ ಗಾತ್ರದಲ್ಲಿ ಒಂದೇ ಆಗಿರುವುದರಿಂದ ಯಾವ ಪಿನ್ನನ್ನು ಎಲ್ಲಿ ಬೇಕಾದರೂ ಸೇರಿಸಬಹುದು. ರೂಪವು ಒಂದೇ ಆಗಿದ್ದು ಅರ್ಥವು ಬೇರೆಯಾಗಿರುವ ನಾನಾರ್ಥಪದಗಳಂತೆ ಇವು. ಪ್ರಕರಣವನ್ನು ನೋಡದೆ ಅರ್ಥಮಾಡಿದರೆ ಹೇಗೆ ತಪ್ಪುವುದೋ ಬಣ್ಣವನ್ನೂ ಗುರುತನ್ನೂ ನೋಡದೆ ಸೇರಿಸಿದರೆ ಇಲ್ಲಿಯೂ ಹಾಗೆ ತಪ್ಪುವುದು.

ಲ್ಯಾಪ್‌ಟಾಪುಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಅವುಗಳಲ್ಲಿ ಬಹುಮಟ್ಟಿಗೆ ಒಂದೇ ರಂಧ್ರವಿದ್ದು, ಹೆಡ್‌ಫೋನಿಗೆ ಧ್ವನಿಯನ್ನು ಕೊಡುವುದೂ ಮೈಕಿನಿಂದ ಧ್ವನಿಯನ್ನು ಕೊಳ್ಳುವುದೂ ಅದರಲ್ಲಿಯೇ ನಡೆಯುವುದು. ಹಳೆಯ ಕ್ಯಾಸೆಟ್ ಯಂತ್ರದ ಧ್ವನಿಯನ್ನು ಲ್ಯಾಪ್‌ಟಾಪಿಗೆ ತುಂಬಬೇಕೆಂದು ಎರಡು ತುದಿಗಳಲ್ಲಿಯೂ ಒಂದೇ ಬಗೆಯ ಪಿನ್ನುಳ್ಳ ಸಾಧಾರಣ ‘ಆಕ್ಸ್ ಕೇಬಲ್’ ಅನ್ನು ಸೇರಿಸಿದರೆ, ಲ್ಯಾಪ್‌ಟಾಪು ಅದನ್ನು ಹೆಡ್‌ಫೋನೆಂದು ತಿಳಿದು ಧ್ವನಿಯನ್ನು ಹೊರಗೆ ಕೊಡಲು ಹೊರಡುವುದು. ಇಬ್ಬರೂ ಮಾತನಾಡುವವರೇ ಆಗಿ ಕೇಳುವವರು ಯಾರೂ ಇಲ್ಲದಂತಾಗುವುದು. ಲ್ಯಾಪ್‌ಟಾಪಿನಿಂದ ಧ್ವನಿಯನ್ನು ಹೊರಗೆ ತೆಗೆಯುವುದಕ್ಕೆ ಆಕ್ಸ್ ಕೇಬಲ್ ಸಾಕು; ಒಳಗೆ ತುಂಬುವುದಕ್ಕೆ ಸಾಲದು.

೪. ಪಿನ್ನಿನ ಅವಯವಗಳು ಮತ್ತು ಹೆಸರುಗಳು

ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಲೋಹದ ಕಂಬಿಯ ಮೇಲೆ ತೆಳುವಾದ ಪಟ್ಟಿಗಳು ಕಾಣುವುವು. ಇವು ಅಲಂಕಾರವಲ್ಲ, ಲೋಹದ ಒಂದು ಭಾಗವನ್ನು ಇನ್ನೊಂದರಿಂದ ಬೇರ್ಪಡಿಸತಕ್ಕ ತಡೆಗಳು. ಒಂದು ಪಟ್ಟಿಯಿದ್ದರೆ ಭಾಗಗಳು ಎರಡು, ಅಂದರೆ ತುದಿ ಮತ್ತು ಬುಡ. ಇದು ಒಂದೇ ಧಾರೆಯ ಮೊನೊ ಪಿನ್ನು. ಎರಡು ಪಟ್ಟಿಗಳಿದ್ದರೆ ತುದಿ, ಉಂಗುರ, ಬುಡವೆಂದು ಭಾಗಗಳು ಮೂರು. ಇದು ಎಡಬಲಗಳೆಂಬ ಎರಡು ಧಾರೆಗಳುಳ್ಳ ಸ್ಟೀರಿಯೊ ಪಿನ್ನು. ತುದಿಯಲ್ಲಿ ಎಡದ ಧ್ವನಿಯೂ ಉಂಗುರದಲ್ಲಿ ಬಲದ ಧ್ವನಿಯೂ ಹರಿಯುವುವು. ಬುಡವು ಎರಡಕ್ಕೂ ಸಾಧಾರಣವಾದ ಮರುದಾರಿ. ಮೂರು ಪಟ್ಟಿಗಳಿದ್ದರೆ ಭಾಗಗಳು ನಾಲ್ಕಾಗಿ, ನಾಲ್ಕನೆಯದು ಮೈಕಿಗೆ ಸಲ್ಲುವುದು.

ನಾಲ್ಕು ಭಾಗಗಳ ಪಿನ್ನಿನಲ್ಲಿ ಎರಡು ಸಂಪ್ರದಾಯಗಳುಂಟು. ಇಂದು ಬಳಕೆಯಲ್ಲಿರುವ ಹೆಚ್ಚಿನ ಯಂತ್ರಗಳಲ್ಲಿ ಮೈಕು ಬುಡದಲ್ಲಿರುವುದು. ಹಿಂದಿನ ಕೆಲವು ಫೋನುಗಳಲ್ಲಿ ಮೈಕು ಎರಡನೆಯ ಉಂಗುರದಲ್ಲಿದ್ದು ಮರುದಾರಿಯು ಬುಡದಲ್ಲಿತ್ತು. ಮೊದಲನೆಯದನ್ನು ಸಿ.ಟಿ.ಐ.ಎ. ಎಂದೂ ಎರಡನೆಯದನ್ನು ಒ.ಎಂ.ಟಿ.ಪಿ. ಎಂದೂ ಕರೆಯುವರು. ಎರಡಕ್ಕೂ ಪಿನ್ನಿನ ಹೊರ ಆಕಾರವು ಒಂದೇ. ಹಳೆಯ ಪೆಟ್ಟಿಗೆಯಿಂದ ತೆಗೆದ ತಂತಿಯಲ್ಲಿ ಧ್ವನಿಯು ಪೊಳ್ಳಾಗಿ, ದೂರದಿಂದ ಬಂದಂತೆ ಕೇಳಿಸಿದರೆ ಈ ಭೇದವನ್ನು ಶಂಕಿಸತಕ್ಕದ್ದು.

ಅಂಗಡಿಯವರ ಪರಿಭಾಷೆಯನ್ನು ತಿಳಿದಿರುವುದು ಲೇಸು. ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿಯೂ ಬಡಾವಣೆಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿಯೂ ೩.೫ ಮಿಲಿಮೀಟರಿನ ಸಣ್ಣ ಪಿನ್ನಿಗೆ ‘ಇ.ಪಿ. ಪಿನ್’ ಎಂದೂ, ೬.೩೫ ಮಿಲಿಮೀಟರಿನ ದಪ್ಪ ಪಿನ್ನಿಗೆ ‘ಪಿ-೩೮’ ಎಂದೂ ಹೆಸರು. ಈ ದಪ್ಪ ಪಿನ್ನು ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ವಿನಿಮಯಕೇಂದ್ರಗಳಲ್ಲಿ ಹುಟ್ಟಿದ್ದು. ಸಣ್ಣದು ಅದರ ಸಂತಾನ. ಕೆಂಪು ಮತ್ತು ಬಿಳಿಯ ತಲೆಗಳುಳ್ಳ ಜೋಡಿ ಪಿನ್ನುಗಳಿಗೆ ‘ಆರ್.ಸಿ.ಎ.’ ಎಂದು ಹೆಸರು. ಅಮೆರಿಕದ ರೇಡಿಯೋ ಕಾರ್ಪೊರೇಷನ್ ಎಂಬ ಸಂಸ್ಥೆಯ ಹೆಸರಿನ ಮೊದಲಕ್ಷರಗಳೇ ಅವು. ಕೆಂಪು ಬಲಕ್ಕೆ, ಬಿಳಿಯದು ಎಡಕ್ಕೆ. ಇ.ಪಿ. ಎಂದು ಮಾತ್ರ ಹೇಳಿದರೆ ಸಾಲದು, ‘ಇ.ಪಿ. ಸ್ಟೀರಿಯೊ’ ಎಂದೋ ‘ಇ.ಪಿ. ಮೊನೊ’ ಎಂದೋ ವಿಶೇಷಣದೊಡನೆ ಹೇಳಬೇಕು. ವಿಶೇಷಣವನ್ನು ಬಿಟ್ಟು ವಿಶೇಷ್ಯವನ್ನು ಮಾತ್ರ ಹೇಳಿದುದರಿಂದಲೇ ಎಷ್ಟೋ ತಂತಿಗಳು ಅಂಗಡಿಗೆ ಹಿಂದಿರುಗುವುವು.

ಗಣಕದ ಸ್ಟೀರಿಯೊ ರಂಧ್ರಕ್ಕೆ ಮೊನೊ ಪಿನ್ನನ್ನು ಸೇರಿಸುವುದು ಸರಿಯಲ್ಲ. ಮೊನೊ ಪಿನ್ನಿನಲ್ಲಿ ಉಂಗುರವಿಲ್ಲದುದರಿಂದ, ಉಂಗುರವನ್ನು ಮುಟ್ಟಬೇಕಾದ ಒಳಗಣ ಕಡ್ಡಿಯು ಬುಡವನ್ನೇ ಮುಟ್ಟಿ, ಬಲದ ಧ್ವನಿಯು ಮರುದಾರಿಯಲ್ಲಿ ಇಂಗಿಹೋಗುವುದು. ಒಂದು ಪಕ್ಕದ ಮೈಕಿಗೆ ಗಮಕಿಯೂ ಇನ್ನೊಂದಕ್ಕೆ ವ್ಯಾಖ್ಯಾನಕಾರರೂ ಮಾತನಾಡಿದ ಮುದ್ರಿಕೆಯಾಗಿದ್ದರೆ ಇಬ್ಬರಲ್ಲಿ ಒಬ್ಬರು ಕಾಣೆಯಾಗುವರು.

೫. ಧ್ವನಿಯ ಬಲಾಬಲ

ಇಲ್ಲಿಂದ ಮುಂದಿನದು ಯೋಗ್ಯತೆಯ ವಿಚಾರ. ಮೈಕಿನಿಂದ ಹೊರಡುವ ವಿದ್ಯುತ್ತು ಬಹು ದುರ್ಬಲವಾದುದು. ವೋಲ್ಟಿನ ಸಾವಿರದಲ್ಲಿ ಕೆಲವು ಅಂಶಗಳು ಮಾತ್ರ. ಮನೆಯಲ್ಲಿ ಬಳಸುವ ಯಂತ್ರಗಳ ‘ಲೈನ್’ ಮಟ್ಟವು ಸುಮಾರು ೦.೩೨ ವೋಲ್ಟು. ಧ್ವನಿಮುದ್ರಣಶಾಲೆಗಳ ಯಂತ್ರಗಳಲ್ಲಿ ಇದು ಸುಮಾರು ೧.೨೩ ವೋಲ್ಟು. ಲೈನಿನ ಧ್ವನಿಯು ಮೈಕಿನದಕ್ಕಿಂತ ಹೆಚ್ಚುಕಡಮೆ ನೂರು ಮಡಿ ಬಲವುಳ್ಳದ್ದೆಂದಾಯಿತು. ಶಾಸ್ತ್ರಜ್ಞರು ಇದನ್ನೇ ೪೦ ಡೆಸಿಬೆಲ್ ಎನ್ನುವರು.

ಮೈಕಿನ ರಂಧ್ರವು ಆ ದುರ್ಬಲ ಧ್ವನಿಯನ್ನು ಹಿಗ್ಗಿಸುವುದಕ್ಕಾಗಿಯೇ ಇರತಕ್ಕದ್ದು. ಅದಕ್ಕೆ ಗಣಕದ ಹೆಡ್‌ಫೋನಿನ ಧ್ವನಿಯನ್ನು ನೇರವಾಗಿ ತುಂಬಿದರೆ ಅಲೆಗಳ ಶಿಖರಗಳು ಕತ್ತರಿಸಿಹೋಗುವುವು. ಕೇಳುವವರಿಗೆ ಅದು ಒಡೆದ ಮಡಕೆಯ ಸದ್ದಿನಂತೆ ಕರ್ಕಶವಾಗಿರುವುದು. ಹೀಗೆ ಕತ್ತರಿಸಿದ ಶಿಖರವನ್ನು ಆಮೇಲೆ ಧ್ವನಿಯನ್ನು ತಗ್ಗಿಸಿ ಸರಿಪಡಿಸಲಾಗುವುದಿಲ್ಲ. ತಗ್ಗಿಸಿದರೆ ಮೊಂಡಾದ ಶಿಖರವು ಸಣ್ಣದಾಗುವುದೇ ಹೊರತು ಮೊನಚಾಗುವುದಿಲ್ಲ. ಇದಲ್ಲದೆ ಮೈಕಿನ ರಂಧ್ರಗಳು ಮೈಕಿಗೆ ಬೇಕಾದ ಅಲ್ಪ ವಿದ್ಯುತ್ತನ್ನು ತಾವೇ ಒದಗಿಸುವುದುಂಟು. ಆ ವಿದ್ಯುತ್ತು ಗಣಕದ ಕಡೆಗೆ ಹರಿಯುವುದೂ ಇಷ್ಟವಲ್ಲ.

ಕೈಯಲ್ಲಿ ಹಿಡಿಯುವ ಧ್ವನಿಮುದ್ರಕಗಳಲ್ಲಿ ಅನೇಕವು ಒಂದೇ ರಂಧ್ರವನ್ನು ಮೈಕಿಗೂ ಲೈನಿಗೂ ಬಳಸುವುವು. ಅವುಗಳ ಪಟ್ಟಿಯಲ್ಲಿ ‘ಲೈನ್’ ಎಂಬುದನ್ನು ಆರಿಸಿ, ಮೈಕಿನ ವಿದ್ಯುತ್ತನ್ನು ನಿಲ್ಲಿಸಿ, ಎರಡು ತುದಿಗಳಲ್ಲಿಯೂ ಇ.ಪಿ. ಸ್ಟೀರಿಯೊ ಪಿನ್ನುಳ್ಳ ತಂತಿಯನ್ನು ಸೇರಿಸಿದರೆ ಕೆಲಸವು ನೆರವೇರುವುದು. ಯಂತ್ರದಲ್ಲಿ ಮೈಕಿನ ರಂಧ್ರವು ಮಾತ್ರವೇ ಇದ್ದರೆ, ಒಳಗೆ ತಡೆಗಳನ್ನು ಕೂಡಿಸಿ ಬಲವನ್ನು ಕುಗ್ಗಿಸತಕ್ಕ ತಂತಿಯನ್ನು ಕೇಳಿ ತರಬೇಕು. ಇದಕ್ಕೆ ‘ಅಟೆನ್ಯುಯೇಟರ್ ಕೇಬಲ್’ ಎಂದು ಹೆಸರು. ಗಣಕದ ಧ್ವನಿಯನ್ನು ಫೋನಿನಲ್ಲಿ ಮುದ್ರಿಸಬೇಕೆನ್ನುವವರು ನಾಲ್ಕು ಭಾಗಗಳ ಪಿನ್ನನ್ನೂ ಈ ತಡೆಯನ್ನೂ ಒಟ್ಟಿಗೆ ಹೊಂದಿಸಬೇಕಾಗುವುದು. ಆಗಲೂ ದೊರೆಯತಕ್ಕದ್ದು ಒಂದು ಧಾರೆ ಮಾತ್ರ.

೬. ಎರಡು ಧಾರೆಗಳನ್ನು ಒಂದುಗೂಡಿಸುವಲ್ಲಿ ಬರುವ ದೋಷಗಳು

ಗಮಕಕ್ಕೆ ಒಂದೇ ಧಾರೆಯು ಸಾಕೆಂದು ಎಡಬಲಗಳನ್ನು ಒಂದೇ ತಂತಿಗೆ ಸೇರಿಸಬೇಕೆಂಬ ಅಪೇಕ್ಷೆಯು ಕೆಲವರಿಗೆ ಬರುವುದು. ಅಂಗಡಿಯಲ್ಲಿ ದೊರೆಯುವ ಕವಲುತಂತಿಯು ಒಂದು ಧ್ವನಿಯನ್ನು ಎರಡು ಕಡೆಗೆ ಹಂಚುವುದಕ್ಕೆ ತಕ್ಕದ್ದೇ ಹೊರತು ಎರಡನ್ನು ಒಂದುಮಾಡುವುದಕ್ಕೆ ತಕ್ಕದ್ದಲ್ಲ. ಎರಡು ಹೊರಬಾಯಿಗಳನ್ನು ನೇರವಾಗಿ ಕಟ್ಟಿದರೆ ಒಂದರ ವಿದ್ಯುತ್ತು ಇನ್ನೊಂದರೊಳಗೆ ನುಗ್ಗುವುದರಿಂದ ಧ್ವನಿಯು ವಿಕಾರಗೊಳ್ಳುವುದು. ಪ್ರತಿಯೊಂದು ದಾರಿಯಲ್ಲಿಯೂ ಸುಮಾರು ಸಾವಿರ ಓಮಿನ ತಡೆಯೊಂದನ್ನು ಕೂಡಿಸಿಯೇ ಅವನ್ನು ಒಂದುಗೂಡಿಸತಕ್ಕದ್ದು. ಇದಕ್ಕಿಂತಲೂ ಉತ್ತಮವಾದ ಮಾರ್ಗವೆಂದರೆ ಎರಡು ಧಾರೆಗಳನ್ನೂ ಹಾಗೆಯೇ ಮುದ್ರಿಸಿಕೊಂಡು, ಬೇಕಾದರೆ ಆಮೇಲೆ ತಂತ್ರಾಂಶದಲ್ಲಿ ಒಂದುಮಾಡುವುದು.

ಇನ್ನೊಂದು ದೋಷವು ಇದಕ್ಕಿಂತ ವಿಚಿತ್ರವಾದುದು. ಸಭಾಭವನಗಳಲ್ಲಿ ಮುದ್ರಿಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಮಿಕ್ಸರ್ ಯಂತ್ರದ ಪಿ-೩೮ ರಂಧ್ರಗಳು ಅನೇಕವಾಗಿ ‘ಬ್ಯಾಲೆನ್ಸ್ಡ್’ ಎಂಬ ಜಾತಿಗೆ ಸೇರಿದುವು. ಅವುಗಳಿಗೆ ತಕ್ಕ ಪಿನ್ನಿನಲ್ಲಿಯೂ ತುದಿ, ಉಂಗುರ, ಬುಡಗಳೆಂಬ ಮೂರೇ ಭಾಗಗಳು. ನೋಟಕ್ಕೆ ಅದು ಸ್ಟೀರಿಯೊ ಪಿನ್ನೇ. ಆದರೆ ಅರ್ಥವು ಬೇರೆ. ಸ್ಟೀರಿಯೊದಲ್ಲಿ ಉಂಗುರವು ಬಲದ ಧ್ವನಿಯನ್ನು ಒಯ್ದರೆ, ಇಲ್ಲಿ ಅದು ತುದಿಯ ಧ್ವನಿಯನ್ನೇ ತಲೆಕೆಳಗು ಮಾಡಿ ಒಯ್ಯತಕ್ಕದ್ದು. ಮಿಕ್ಸರು ತುದಿಯದರಿಂದ ಉಂಗುರದ್ದನ್ನು ಕಳೆಯುವುದು. ದಾರಿಯಲ್ಲಿ ಎರಡಕ್ಕೂ ಸಮನಾಗಿ ಸೇರಿದ ಗದ್ದಲವು ಈ ವ್ಯವಕಲನದಿಂದ ಅಳಿದು, ನಿಜವಾದ ಧ್ವನಿಯು ಇಮ್ಮಡಿಯಾಗುವುದೆಂಬುದು ಈ ಪದ್ಧತಿಯ ಪ್ರಯೋಜನ.

ಈಗ ಗಣಕದ ಇ.ಪಿ. ಸ್ಟೀರಿಯೊ ತಂತಿಗೆ ಇ.ಪಿ.ಯನ್ನು ಪಿ-೩೮ ಸ್ಟೀರಿಯೊ ಆಗಿ ಮಾರ್ಪಡಿಸುವ ಅಡಾಪ್ಟರನ್ನು ತೊಡಿಸಿ ಆ ರಂಧ್ರಕ್ಕೆ ಸೇರಿಸಿದರೆ ಏನಾಗುವುದು? ಎಡದ ಧ್ವನಿಯಿಂದ ಬಲದ ಧ್ವನಿಯು ಕಳೆಯಲ್ಪಡುವುದು. ಗಮಕಿಯ ಕಂಠವು ಬಹುಮಟ್ಟಿಗೆ ನಡುವೆ, ಅಂದರೆ ಎಡಬಲಗಳೆರಡರಲ್ಲಿಯೂ ಸಮನಾಗಿ ಇರುವುದರಿಂದ ಅದೇ ಅಳಿಯುವುದು! ಎಡಬಲಗಳಲ್ಲಿ ಬೇರೆಬೇರೆಯಾಗಿ ಮುದ್ರಿತವಾದ ಶ್ರುತಿಯ ನಾದ, ಸಭಾಭವನದ ಮಾರ್ದನಿ, ಶ್ರೋತೃಗಳ ಕೆಮ್ಮು ಇವು ಮಾತ್ರ ಉಳಿಯುವುವು. ಮುದ್ರಿಕೆಯು ಮೂಲತಃ ಒಂದೇ ಧಾರೆಯದಾಗಿದ್ದರೆ ಹೆಚ್ಚುಕಡಮೆ ನಿಶ್ಶಬ್ದವೇ ಫಲ. ತಂತಿಯು ಮುರಿದಿಲ್ಲ, ಯಂತ್ರವು ಕೆಟ್ಟಿಲ್ಲ, ಪಿನ್ನು ಭದ್ರವಾಗಿ ಕುಳಿತಿದೆ. ಆದರೂ ಕಾವ್ಯವು ಮಾಯವಾಗಿದೆ. ಇಲ್ಲಿ ಬೇಕಾದುದು ಒಂದು ತುದಿಯಲ್ಲಿ ಇ.ಪಿ. ಸ್ಟೀರಿಯೊ ಪಿನ್ನೂ ಇನ್ನೊಂದು ತುದಿಯಲ್ಲಿ ಎರಡು ಪಿ-೩೮ ಮೊನೊ ಪಿನ್ನುಗಳೂ ಇರುವ ತಂತಿ. ಅವುಗಳನ್ನು ಮಿಕ್ಸರಿನ ಎರಡು ಬೇರೆ ರಂಧ್ರಗಳಿಗೆ ಸೇರಿಸತಕ್ಕದ್ದು. ಮಿಕ್ಸರಿನಲ್ಲಿ ಆರ್.ಸಿ.ಎ. ರಂಧ್ರಗಳಿದ್ದರೆ ಇ.ಪಿ. ಸ್ಟೀರಿಯೊದಿಂದ ಎರಡು ಆರ್.ಸಿ.ಎ.ಗಳಿಗೆ ಹೋಗುವ ತಂತಿಯು ಇನ್ನೂ ಸುಲಭ.

೭. ಯು.ಎಸ್.ಬಿ. ಅಡಾಪ್ಟರುಗಳು

ಹೊಸ ಲ್ಯಾಪ್‌ಟಾಪುಗಳಲ್ಲಿಯೂ ಫೋನುಗಳಲ್ಲಿಯೂ ದುಂಡುರಂಧ್ರವೇ ಇಲ್ಲದೆ ‘ಟೈಪ್-ಸಿ’ ರಂಧ್ರವು ಮಾತ್ರ ಇರುವುದುಂಟು. ಇದಕ್ಕೆ ಸೇರಿಸತಕ್ಕ ಅಡಾಪ್ಟರುಗಳು ಎರಡು ಬಗೆ. ಒಂದರಲ್ಲಿ ತಂತಿಗಳು ಮಾತ್ರವಿದ್ದು, ಸಂಖ್ಯೆಯನ್ನು ಧ್ವನಿಯಾಗಿಸುವ ಕೆಲಸವನ್ನು ಯಂತ್ರವೇ ಮಾಡಿಕೊಟ್ಟರೆ ಅದು ನುಡಿಯುವುದು. ಯಂತ್ರಕ್ಕೆ ಆ ಶಕ್ತಿಯಿಲ್ಲದಿದ್ದರೆ ಮೂಕವಾಗಿರುವುದು. ಇನ್ನೊಂದರಲ್ಲಿ ಆ ಕೆಲಸವನ್ನು ಮಾಡತಕ್ಕ ‘ಡ್ಯಾಕ್’ ಎಂಬ ಸೂಕ್ಷ್ಮಯಂತ್ರವು ಅಡಗಿರುವುದು. ಹೊರನೋಟಕ್ಕೆ ಎರಡೂ ಒಂದೇ, ಬೆಲೆಯಲ್ಲಿ ವ್ಯತ್ಯಾಸವುಂಟು. ‘ಡ್ಯಾಕ್ ಇರುವುದನ್ನು ಕೊಡಿ’ ಎಂದು ಕೇಳುವುದು ಕ್ಷೇಮಕರ.

ಧ್ವನಿಯನ್ನು ಲ್ಯಾಪ್‌ಟಾಪಿನೊಳಗೆ ತುಂಬಬೇಕಾದವರು ಎರಡು ಲೈನ್ ರಂಧ್ರಗಳುಳ್ಳ ‘ಯು.ಎಸ್.ಬಿ. ಆಡಿಯೋ ಇಂಟರ್‌ಫೇಸ್’ ಎಂಬ ಪೆಟ್ಟಿಗೆಯನ್ನು ಕೊಳ್ಳುವುದು ಉತ್ತಮ. ಕ್ಯಾಸೆಟ್ ಯಂತ್ರದ ಆರ್.ಸಿ.ಎ. ತಂತಿಗಳನ್ನು ಅದಕ್ಕೆ ಸೇರಿಸಿದರೆ ಮೇಲೆ ಹೇಳಿದ ದೋಷಗಳಲ್ಲಿ ಹೆಚ್ಚಿನವು ತಾವಾಗಿಯೇ ಪರಿಹಾರವಾಗುವುವು. ಅಗ್ಗದ ಸಣ್ಣ ಯು.ಎಸ್.ಬಿ. ಅಡಾಪ್ಟರುಗಳಲ್ಲಿ ಒಳರಂಧ್ರವು ಒಂದೇ ಧಾರೆಯ ಮೈಕಿನದಾಗಿರುವುದೇ ಸಾಮಾನ್ಯ. ಕೊಳ್ಳುವ ಮೊದಲು ವಿಚಾರಿಸಬೇಕು. ಎರಡು ಗಣಕಗಳನ್ನು ಯು.ಎಸ್.ಬಿ. ತಂತಿಯಿಂದಲೇ ನೇರವಾಗಿ ಜೋಡಿಸಿದರೆ ಧ್ವನಿಯು ಹರಿಯುವುದೆಂಬುದು ಭ್ರಮೆ. ಅದರಿಂದ ಯಂತ್ರಗಳಿಗೆ ಅಪಾಯವೂ ಉಂಟು.

ಬ್ಲೂಟೂತ್ ಕೇಳಲು ಅನುಕೂಲವಾದರೂ ಪ್ರತಿಮಾಡಲು ತಕ್ಕದ್ದಲ್ಲ. ಮಾತುಕತೆಯ ರೀತಿಯಲ್ಲಿ ಅದು ಕೆಲಸಮಾಡುವಾಗ ಮೇಲಿನ ಸ್ವರಾಂಶಗಳನ್ನು ಕೈಬಿಡುವುದು. ಹಳೆಯ ಟೆಲಿಫೋನಿನಲ್ಲಿ ಸೆಕೆಂಡಿಗೆ ೩೦೦ ರಿಂದ ೩೪೦೦ ಕಂಪನಗಳ ವರೆಗಿನ ಧ್ವನಿಯು ಮಾತ್ರ ಹರಿಯುತ್ತಿದ್ದಿತು. ಸಕಾರದ ಬಲವು ಹೆಚ್ಚಾಗಿ ಅದಕ್ಕೂ ಮೇಲಿರುವುದರಿಂದ ಶಕಾರ ಸಕಾರಗಳನ್ನು ಅಲ್ಲಿ ಬೇರ್ಪಡಿಸುವುದು ಕಷ್ಟ. ಗಮಕಿಯ ಉಚ್ಚಾರಣೆಯಲ್ಲಿ ಶ, ಷ, ಸಗಳ ವಿವೇಕವು ಹೇಗಿತ್ತೆಂದು ಪರಿಶೀಲಿಸತಕ್ಕವರಿಗೆ ಇಂಥ ಪ್ರತಿಯು ನಿಷ್ಪ್ರಯೋಜಕ.

೮. ಗುಂಯ್‌ಗುಡುವ ನಾದ ಮತ್ತು ತಂತಿಯ ಉದ್ದ

ಜೋಡಣೆಯು ಸರಿಯಾಗಿದ್ದರೂ ಕೆಲವೊಮ್ಮೆ ಕೆಳದನಿಯಲ್ಲಿ ಗುಂಯ್ ಎಂಬ ನಾದವು ಸೇರಿಕೊಳ್ಳುವುದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಬಾರಿ ಆಂದೋಳನಗೊಳ್ಳತಕ್ಕದ್ದು. ಲ್ಯಾಪ್‌ಟಾಪಿನ ಚಾರ್ಜರೂ ಮಿಕ್ಸರೂ ಬೇರೆಬೇರೆ ಸಾಕೆಟ್ಟುಗಳಿಂದ ವಿದ್ಯುತ್ತನ್ನು ಪಡೆದು, ಎರಡೂ ನೆಲದ ತಂತಿಗೆ ಸೇರಿದ್ದರೆ, ಧ್ವನಿಯ ತಂತಿಯೊಡನೆ ಕೂಡಿ ಒಂದು ಬಳಸುದಾರಿಯಾಗಿ, ೫೦ ಮತ್ತು ಅದರ ಗುಣಕಗಳ ನಾದವು ಮುದ್ರಿಕೆಯಲ್ಲಿ ಕಾಣಿಸಿಕೊಳ್ಳುವುದು. ಶ್ರುತಿಪೆಟ್ಟಿಗೆಯ ನಾದದೊಡನೆ ಬೆರೆತು ಇದು ಕಿವಿಗೆ ಕೂಡಲೇ ಗೊತ್ತಾಗದಿರುವುದೂ ಉಂಟು. ವಾಚನವು ನಿಂತ ವಿರಾಮದಲ್ಲಿ ಬಯಲಾಗುವುದು.

ಪರಿಹಾರವು ಸುಲಭ. ಚಾರ್ಜರನ್ನು ತೆಗೆದು ಲ್ಯಾಪ್‌ಟಾಪನ್ನು ಬ್ಯಾಟರಿಯಿಂದಲೇ ನಡೆಸಬೇಕು. ಅದಾಗದಿದ್ದರೆ ಎಲ್ಲ ಯಂತ್ರಗಳನ್ನೂ ಒಂದೇ ಬೋರ್ಡಿಗೆ ಸೇರಿಸಬೇಕು. ಆಗಲೂ ಹೋಗದಿದ್ದರೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಸಣ್ಣ ಸಾಧನವನ್ನು ನಡುವೆ ಇಡಬೇಕು. ಮೂರು ಕಡ್ಡಿಗಳ ಪ್ಲಗ್ಗಿನಿಂದ ನೆಲದ ಕಡ್ಡಿಯನ್ನು ಮುರಿದುಹಾಕುವ ಉಪಾಯವು ಪ್ರಾಣಾಪಾಯಕರವಾದುದರಿಂದ ಸರ್ವಥಾ ವರ್ಜ್ಯ.

ಸನ್ನಿಧಿಯ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪ. ಈ ಬಗೆಯ ತಂತಿಯು ಒಂದೆರಡು ಮೀಟರುಗಳಷ್ಟಿದ್ದರೆ ಸಾಕು. ಉದ್ದವಾದಷ್ಟೂ ಹೊರಗಿನ ಗದ್ದಲವನ್ನು ಹೀರಿಕೊಳ್ಳುವುದು. ಎರಡು ಮೂರು ಅಡಾಪ್ಟರುಗಳನ್ನು ಒಂದಕ್ಕೊಂದು ಪೋಣಿಸುವುದಕ್ಕಿಂತ ಬೇಕಾದ ಪಿನ್ನುಗಳನ್ನೇ ಹೊಂದಿದ ಒಂದೇ ತಂತಿಯು ಲೇಸು. ಪ್ರತಿಯೊಂದು ಕೀಲೂ ಸಡಿಲವಾಗತಕ್ಕ ಒಂದು ಸ್ಥಾನವಲ್ಲವೇ?

೯. ಪರೀಕ್ಷೆಯ ಕ್ರಮ

ಪೂರ್ಣ ಮುದ್ರಣಕ್ಕೆ ಮೊದಲು ಎರಡು ನಿಮಿಷಗಳ ಪರೀಕ್ಷೆಯನ್ನು ನಡೆಸತಕ್ಕದ್ದು. ಇದಕ್ಕೆ ಮಂಗಳಪದ್ಯವನ್ನು ಆರಿಸದೆ, ವೀರರಸದಲ್ಲಿ ಧ್ವನಿಯು ತಾರಕ್ಕೇರುವ ಯುದ್ಧದ ಭಾಗವನ್ನು ಆರಿಸಬೇಕು. ಅಲ್ಲಿಯೂ ಮಾಪಕದ ಶಿಖರವು ಶೂನ್ಯಕ್ಕಿಂತ ೬ ರಿಂದ ೧೨ ಡೆಸಿಬೆಲ್ ಕೆಳಗೇ ಇದ್ದರೆ ಕ್ಷೇಮ. ಗಣಕದಲ್ಲಿ ಧ್ವನಿಯನ್ನು ‘ಚೆಂದಗೊಳಿಸುವ’ ಏರ್ಪಾಡುಗಳೆಲ್ಲವನ್ನೂ ನಿಲ್ಲಿಸಬೇಕು. ಅಂಚೆ ಬಂದಿತೆಂದು ಗಂಟೆಬಾರಿಸುವ ಸೂಚನೆಗಳನ್ನೂ ಮುಚ್ಚಬೇಕು. ಇಲ್ಲವಾದರೆ ಅವು ಪ್ರಕ್ಷಿಪ್ತ ಪದ್ಯಗಳಂತೆ ನಡುವೆ ಸೇರಿಕೊಳ್ಳುವುವು.

ಬಳಿಕ ಆ ಪ್ರತಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತ ನಾಲ್ಕು ಸಂಗತಿಗಳನ್ನು ವಿಚಾರಿಸಬೇಕು. ಎಡಬಲಗಳೆರಡೂ ಕೇಳಿಸುತ್ತಿವೆಯೆ? ಕಂಠವು ನಡುವೆ ಗಟ್ಟಿಯಾಗಿ ನಿಂತಿದೆಯೆ? ಶ, ಷ, ಸಗಳೂ ಅಲ್ಪಪ್ರಾಣ ಮಹಾಪ್ರಾಣಗಳೂ ಮೂಲದಲ್ಲಿದ್ದಂತೆಯೇ ಸ್ಪಷ್ಟವಾಗಿವೆಯೆ? ವಿರಾಮದಲ್ಲಿ ಗುಂಯ್ ಎಂಬ ನಾದವಿಲ್ಲವಷ್ಟೆ? ಭಾಮಿನೀಷಟ್ಪದಿಯ ಆರು ಸಾಲುಗಳಲ್ಲಿ ಎರಡನೆಯ ಅಕ್ಷರದ ಪ್ರಾಸವನ್ನು ಕಿವಿಯಿಂದಲೇ ಹಿಡಿಯಬಲ್ಲವರಿಗೆ ಈ ಪರೀಕ್ಷೆಯು ಕಷ್ಟವಲ್ಲ. ಯಂತ್ರವನ್ನು ಬಲ್ಲವರಿಗಿಂತ ಅವರೇ ಇದಕ್ಕೆ ಹೆಚ್ಚಿನ ಅಧಿಕಾರಿಗಳು.

ಮುದ್ರಣದ ಸೂಕ್ಷ್ಮತೆಯ ವಿಷಯದಲ್ಲಿ ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐ.ಎ.ಎಸ್.ಎ. ಒಂದು ಕನಿಷ್ಠ ಮಿತಿಯನ್ನು ಹೇಳಿರುವುದು. ಕ್ಯಾಸೆಟ್ಟಿನಂತಹ ಹ��ೆಯ ಮೂಲಗಳಿಂದ ಪ್ರತಿಮಾಡುವಾಗ ಸೆಕೆಂಡಿಗೆ ೪೮,೦೦೦ ಮಾದರಿಗಳೂ ಮಾದರಿಯೊಂದಕ್ಕೆ ೨೪ ಬಿಟ್ಟುಗಳೂ ಇರಬೇಕೆಂಬುದೇ ಅದು. ಸಂಗ್ರಹಕ್ಕೆ ಇಡತಕ್ಕ ಪ್ರತಿಯನ್ನು ‘ವೇವ್’ ರೂಪದಲ್ಲಿಯೇ ಇಟ್ಟು, ಎಂ.ಪಿ.೩ ರೂಪವನ್ನು ಹಂಚುವುದಕ್ಕೆ ಮಾತ್ರ ಬಳಸಬೇಕು. ಯಾವ ಯಂತ್ರದಿಂದ, ಯಾವ ತಂತಿಯ ಮೂಲಕ, ಯಾವ ದಿನ ಪ್ರತಿಮಾಡಲಾಯಿತೆಂಬುದನ್ನು ಹಸ್ತಪ್ರತಿಯ ಕೊನೆಯ ಪುಷ್ಪಿಕೆಯಂತೆ ಒಂದು ಸಣ್ಣ ಬರಹದಲ್ಲಿ ಅದರೊಡನೆ ಇರಿಸಬೇಕು. ಮುಂದೆ ಎರಡು ಪ್ರತಿಗಳು ಬೇರೆಯಾಗಿ ಕೇಳಿಸಿದಾಗ ಯಾವುದು ಪ್ರಮಾಣವೆಂದು ನಿರ್ಣಯಿಸಲು ಇದೇ ಸಾಧನ.

೧೦. ಹಕ್ಕಿನ ವಿಚಾರ ಮತ್ತು ಉಪಸಂಹಾರ

ತಂತಿಯು ಸರಿಯಾಗಿದ್ದ ಮಾತ್ರಕ್ಕೆ ಪ್ರತಿಮಾಡುವ ಅಧಿಕಾರವು ಬಂದಂತಾಗಲಿಲ್ಲ. ೧೯೫೭ ರ ಕೃತಿಸ್ವಾಮ್ಯದ ಕಾಯಿದೆಯ ಮೇರೆಗೆ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ ೬೦ ವರ್ಷಗಳ ವರೆಗೆ ನಡೆಯುವುದು. ಸಂಶೋಧನೆಯೂ ಸೇರಿದಂತೆ ಸ್ವಂತದ ಬಳಕೆಗಾಗಿ ನ್ಯಾಯವಾದ ಮಿತಿಯಲ್ಲಿ ಉಪಯೋಗಿಸಲು ಆ ಕಾಯಿದೆಯ ೫೨ ನೆಯ ಪ್ರಕರಣವು ಎಡೆಕೊಡುವುದು. ಪ್ರತಿಯನ್ನು ಊರಿಗೆಲ್ಲ ಹಂಚಲು ಎಡೆಕೊಡುವುದಿಲ್ಲ.

ಒಟ್ಟಿನಲ್ಲಿ ಹೇಳಬೇಕಾದರೆ, ಅಂಗಡಿಗೆ ಹೊರಡುವ ಮೊದಲು ನಿಶ್ಚಯಿಸಬೇಕಾದುವು ಐದು: ಧ್ವನಿಯು ಯಾವ ರಂಧ್ರದಿಂದ ಹೊರಟು ಯಾವುದನ್ನು ಸೇರಬೇಕು, ಎರಡು ಕಡೆಯ ಪಿನ್ನುಗಳಿಗೆ ಎಷ್ಟೆಷ್ಟು ಭಾಗಗಳು, ಕೊಳ್ಳತಕ್ಕ ರಂಧ್ರವು ಮೈಕಿನದೋ ಲೈನಿನದೋ, ಅದು ಸ್ಟೀರಿಯೊವೋ ಬ್ಯಾಲೆನ್ಸ್ಡೋ, ತಂತಿಯ ಉದ್ದವೆಷ್ಟು. ಇವನ್ನು ಚೀಟಿಯಲ್ಲಿ ಬರೆದುಕೊಂಡು, ಸಾಧ್ಯವಾದರೆ ಯಂತ್ರದ ರಂಧ್ರಗಳ ಚಿತ್ರವನ್ನೂ ಫೋನಿನಲ್ಲಿ ತೆಗೆದುಕೊಂಡು ಹೋದರೆ, ಅಲ್ಪ ಬೆಲೆಯ ತಂತಿಯಿಂದಲೇ ಕಾರ್ಯವು ಸಿದ್ಧಿಸುವುದು. ಹೆಚ್ಚು ಬೆಲೆಯ ತಂತಿಯಾದರೂ ಯೋಗ್ಯತೆಯಿಲ್ಲದಿದ್ದರೆ ವ್ಯರ್ಥ. ಮನೆಗಳ ಅಟ್ಟಗಳ ಮೇಲೆಯೂ ಹಳೆಯ ಗಣಕಗಳಲ್ಲಿಯೂ ಉಳಿದಿರುವ ಗಮಕದ ಮುದ್ರಿಕೆಗಳನ್ನು ಎರಡನೆಯ ಬಾರಿ ಪ್ರತಿಮಾಡುವ ಅವಕಾಶವು ಎಲ್ಲ ಕಾಲದಲ್ಲಿಯೂ ದೊರೆಯಲಾರದು. ಕ್ಯಾಸೆಟ್ಟಿನ ಪಟ್ಟಿಯು ಸವೆಯುವುದು, ಗಣಕವು ಕೆಡುವುದು. ಆದುದರಿಂದ ಮೊದಲನೆಯ ಪ್ರತಿಯೇ ಶುದ್ಧಪ್ರತಿಯಾಗುವಂತೆ ಎಚ್ಚರವಹಿಸುವುದು ಸಾಹಿತ್ಯವನ್ನು ಕಲಿಸತಕ್ಕವರ ಕರ್ತವ್ಯಗಳಲ್ಲಿ ಒಂದೆಂದು ಎಣಿಸತಕ್ಕದ್ದು.